ಸ್ವಿಟ್ಜರ್ಲೆಂಡಿನಲ್ಲಿ ಮನೆ ಬದಲಿಸುವ ಮುಂಚೆ ಕ್ಯಾಂಟನ್ ನೋಡಿ

ಆರೋಗ್ಯ ವಿಮೆ, ರೈಲಿನ ಅರ್ಧ ದರದ ಕಾರ್ಡು, ಭಾನುವಾರ ಅಂಗಡಿ ಮುಚ್ಚಿರುವುದು, ಇವನ್ನೆಲ್ಲ ಬಂದ ಮೊದಲ ತಿಂಗಳಲ್ಲೇ ಯಾರಾದರೂ ಹೇಳಿರುತ್ತಾರೆ. ಹೇಳದೆ ಉಳಿಯುವುದು ಒಂದೇ: ಮುಂದೆ ಇಲ್ಲಿನ ಪೌರತ್ವ ಬೇಕಿದ್ದರೆ, ಕ್ಯಾಂಟನ್, ಅಂದರೆ ನಮ್ಮ ರಾಜ್ಯದಂಥ ಘಟಕ, ಅದನ್ನು ದಾಟಿ ಮನೆ ಮಾಡುವ ಮುಂಚೆ ಲೆಕ್ಕ ಹಾಕಬೇಕು.

ನಮಗೆ ಪರಿಚಯದ ದಾವಣಗೆರೆಯ ಕುಟುಂಬವೊಂದು ಜ್ಯೂರಿಕ್‌ನಲ್ಲಿ ವರ್ಷಗಟ್ಟಲೆ ಇತ್ತು. ಬಾಡಿಗೆ ಕಮ್ಮಿ, ಮಕ್ಕಳಿಗೆ ಇನ್ನೊಂದು ರೂಮು ಸಿಗುತ್ತದೆ ಅಂತ ಪಕ್ಕದ ಕ್ಯಾಂಟನ್‌ಗೆ ಹೋದರು. ಅದೇ ಆಫೀಸು, ರೈಲಿನಲ್ಲಿ ಸ್ವಲ್ಪ ದೂರ ಜಾಸ್ತಿ, ಅಷ್ಟೆ. 10 ವರ್ಷ ತುಂಬಿದ ಮೇಲೆ ಅರ್ಜಿ ಹಾಕಲು ಹೋದರೆ, ಕಚೇರಿಯಲ್ಲಿದ್ದ ಹೆಂಗಸು ನೋಂದಣಿ ಪತ್ರ ಬಿಡಿಸಿ, ಅವರು ಆ ಊರಿಗೆ ಬಂದ ತಾರೀಖಿನ ಮೇಲೆ ಪೆನ್ನು ಇಟ್ಟರಂತೆ. ಕ್ಯಾಂಟನ್‌ನ ಲೆಕ್ಕ ಅಲ್ಲಿಂದ ಶುರು. ಬಾಡಿಗೆಯಲ್ಲಿ ಉಳಿಸಿದ್ದಕ್ಕೆ ಬದಲಾಗಿ ವರ್ಷಗಳು ಹೋದವು.

ನಿಯಮ ಹೀಗಿದೆ. ದೇಶದಲ್ಲಿ ಒಟ್ಟು 10 ವರ್ಷ ವಾಸ, ಕೈಯಲ್ಲಿ ಸಿ ಪರ್ಮಿಟ್, ಅಂದರೆ ಕಾಯಂ ವಾಸದ ಪರವಾನಗಿ. ಮಕ್ಕಳು 8ರಿಂದ 18ರ ವಯಸ್ಸಿನಲ್ಲಿ ಇಲ್ಲಿ ಕಳೆದ ವರ್ಷಗಳು ಎರಡರಷ್ಟು ಲೆಕ್ಕಕ್ಕೆ ಬರುತ್ತವೆ. ಇದರ ಮೇಲೆ ಪ್ರತಿ ಕ್ಯಾಂಟನ್ 2ರಿಂದ 5 ವರ್ಷದ ತನ್ನದೇ ವಾಸ ಕೇಳುತ್ತದೆ. ಎಷ್ಟೋ ಕಡೆ ಗೆಮೈಂಡೆ, ಅಂದರೆ ನಮ್ಮ ಪಂಚಾಯಿತಿ ಮಟ್ಟದ ಆಡಳಿತ, ಅದೂ ಬೇರೆ ಕೇಳುತ್ತದೆ.

ಯಾಕೆ ಹೀಗೆ? 1291ರಲ್ಲಿ ಊರಿ, ಶ್ವಿಟ್ಸ್, ಉಂಟರ್‌ವಾಲ್ಡನ್ ಕಣಿವೆಗಳ ಜನ ಒಪ್ಪಂದ ಮಾಡಿಕೊಂಡಾಗ ದೇಶ ಅನ್ನುವುದೇ ಇರಲಿಲ್ಲ. ಒಕ್ಕೂಟದ ಸಂವಿಧಾನ ಬಂದದ್ದು 1848ರಲ್ಲಿ. ಈಗಿನ 26 ಕ್ಯಾಂಟನ್‌ಗಳಲ್ಲಿ ಜೂರಾ ತೀರಾ ಹೊಸದು. ಅದು ಬರ್ನ್‌ನಿಂದ ಬೇರೆಯಾದದ್ದು 1979ರಲ್ಲಿ. ಇಲ್ಲಿ ಊರಿನವರಾದರೆ ಮಾತ್ರ ಕ್ಯಾಂಟನ್‌ನವರು, ಆಮೇಲೆ ದೇಶದವರು. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಬದಲು ಮೂಲ ಊರಿನ ಹೆಸರು ಇರುವುದು ಇದಕ್ಕೇ.

ಊರಿನವರು ಜೊತೆಗಿದ್ದು ನೋಡಿ ಒಪ್ಪಿಕೊಳ್ಳುವುದು ನನಗೆ ಇಷ್ಟ. ಆದರೆ ಅದರ ಕೆಟ್ಟ ಮುಖವೂ ಇದೆ. ಲುಸರ್ನ್ ಕ್ಯಾಂಟನ್‌ನ ಎಮ್ಮೆನ್‌ನಲ್ಲಿ ಅರ್ಜಿದಾರರ ಪೌರತ್ವಕ್ಕೆ ಜನ ವೋಟು ಹಾಕುತ್ತಿದ್ದರು. 2000ದಲ್ಲಿ ಇಟಲಿಯವರಿಗೆ ಸಿಕ್ಕಿತು, ಬಾಲ್ಕನ್ ಕಡೆಯವರಿಗೆ ಸಿಗಲಿಲ್ಲ. 2003ರಲ್ಲಿ ಫೆಡರಲ್ ಸುಪ್ರೀಂ ಕೋರ್ಟು ಇದನ್ನು ಸಂವಿಧಾನಬಾಹಿರ ಎಂದಿತು. ಈ ವಿಷಯದಲ್ಲಿ ನಮ್ಮ ಭಾರತದ ಪದ್ಧತಿಯೇ ಮೇಲು. ಹುಬ್ಬಳ್ಳಿ ಬಿಟ್ಟು ಬೆಂಗಳೂರಿಗೆ ಹೋದರೆ ಯಾರ ಪೌರತ್ವದ ಲೆಕ್ಕವೂ ಕೆಡುವುದಿಲ್ಲ.

ಭಾಷೆಯನ್ನೂ ಮರೆಯಬೇಡಿ. ಸಿ ಪರ್ಮಿಟ್ಟಿಗೆ ನೀವಿರುವ ಜಾಗದ ಭಾಷೆಯ ಪ್ರಮಾಣಪತ್ರ ಬೇಕು. ಲೊಸಾನ್‌ನಲ್ಲಿ ಕಷ್ಟಪಟ್ಟು ಫ್ರೆಂಚ್ ಕಲಿತು ಬಾಸೆಲ್‌ಗೆ ಹೋದರೆ, ಮತ್ತೆ ಜರ್ಮನ್ ಕ್ಲಾಸಿಗೆ ಸೇರಬೇಕು.

ಬಿ ಪರ್ಮಿಟ್, ಅಂದರೆ ಅವಧಿ ಮುಗಿದಾಗ ನವೀಕರಿಸಬೇಕಾದ ವಾಸದ ಪರವಾನಗಿ, ಇರುವ ನಮ್ಮಂಥ ಭಾರತೀಯರು ಕ್ಯಾಂಟನ್ ಬದಲಿಸಲು ಹೊಸ ಕ್ಯಾಂಟನ್‌ನ ಅನುಮತಿಯನ್ನು ಮೊದಲೇ ಪಡೆಯಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ಊರಿನ ಗೆಮೈಂಡೆಗೆ ಈಮೇಲ್ ಬರೆದು, ಎಷ್ಟು ವರ್ಷ ವಾಸ ಬೇಕು ಅಂತ ಕೇಳಿ. ಉತ್ತರವನ್ನು ತೆಗೆದಿಟ್ಟುಕೊಳ್ಳಿ.