ಕೊನೆ ಎಪಿಸೋಡ್ ನೋಡದೆ ನಾನು ಬರೆಯುವುದಿಲ್ಲ

ಏಪ್ರಿಲ್ ಬಂತು ಅಂದ್ರೆ ಅನಿಮೆ, ಅಂದ್ರೆ ಜಪಾನಿನ ಅನಿಮೇಷನ್ ಸರಣಿಗಳನ್ನು ನೋಡುವವರು ಒಂದು ಸೀಸನ್ ಬಿಟ್ಟು ಇನ್ನೊಂದನ್ನು ಹಿಡಿಯುವ ಹೊತ್ತು. ಜಪಾನಿನ ಟಿವಿಯಲ್ಲಿ ವರ್ಷಕ್ಕೆ ನಾಲ್ಕು ಸೀಸನ್. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಸರಣಿಗಳು ಶುರುವಾಗುತ್ತವೆ. ಸಾಮಾನ್ಯವಾಗಿ ಒಂದೊಂದಕ್ಕೆ 12 ಅಥವಾ 13 ಎಪಿಸೋಡ್, ಕೆಲವು ಎರಡು ಸೀಸನ್ ಉದ್ದಕ್ಕೂ 24, 25ರವರೆಗೆ ಓಡುತ್ತವೆ. 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಸರಣಿಗಳಲ್ಲಿ ಯಾವುದು ಹಿಡಿಸಿತು, ಯಾವುದು ಯಾಕೆ ಹಿಡಿಸಲಿಲ್ಲ, ಆ ಅಭಿಪ್ರಾಯಕ್ಕೆ ನಾನು ಬರೋದು ಹೇಗೆ ಅನ್ನೋದನ್ನ ಹೇಳುತ್ತೇನೆ. ಕಥೆಯ ಕೊನೆಗಳನ್ನೂ ಬಿಟ್ಟುಕೊಡುತ್ತೇನೆ, ನೋಡಬೇಕು ಅಂದುಕೊಂಡಿರುವವರು ನೋಡಿಕೊಂಡೇ ಓದಿ.

ನಮ್ಮಲ್ಲಿ ಮೂರು ಎಪಿಸೋಡ್ ನಿಯಮ ಅಂತ ಒಂದಿದೆ. ಮೂರು ನೋಡು, ಹಿಡಿಸದಿದ್ದರೆ ಬಿಡು. ಬಿಡೋದಕ್ಕೆ ಇದು ಸರಿ, ನಾನೂ ಎಷ್ಟೋ ಸರಣಿಗಳನ್ನು ಹಾಗೇ ಬಿಟ್ಟಿದ್ದೇನೆ. ಆದರೆ ಮೂರೇ ನೋಡಿ "ಈ ವರ್ಷದ ಬೆಸ್ಟ್" ಅಂತ ಬರೆಯೋರನ್ನ ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲ ಎಪಿಸೋಡನ್ನು ಎಲ್ಲ ಸ್ಟುಡಿಯೊಗಳೂ ಚೆನ್ನಾಗಿಯೇ ಮಾಡುತ್ತವೆ, ಅದಕ್ಕೆ ಸಮಯ ಕೊಟ್ಟಿರುತ್ತಾರೆ, ಒಳ್ಳೆ ಕೈಗಳನ್ನು ಹಾಕಿರುತ್ತಾರೆ. ನಾನು ನೋಡೋದು ಎರಡು ವಿಷಯ. ಎಂಟನೆಯದೋ ಒಂಬತ್ತನೆಯದೋ ಎಪಿಸೋಡಿಗೆ ಬಂದಾಗ ಏನು ಉಳಿದಿದೆ? ಎಲ್ಲಿಗೆ ತಂದು ನಿಲ್ಲಿಸಿದರು?

ನಾನು ಮಾಡೋದು ಇಷ್ಟೇ. ವಾರಕ್ಕೊಂದು ಎಪಿಸೋಡ್, ಬಂದ ವಾರವೇ ನೋಡುತ್ತೇನೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ನಡುರಾತ್ರಿಗೆ ಬರೋದು ನಮಗೆ ಊಟದ ಹೊತ್ತಿಗೆ ಬಿತ್ತು. ಮುಗಿದ ತಕ್ಷಣ ಫೋನಿನಲ್ಲಿ ಒಂದೇ ಸಾಲು ಬರೆದಿಡುತ್ತೇನೆ. ಸ್ಕೋರು, ಹತ್ತಕ್ಕೆ ಎಂಟು ಅಂತೆಲ್ಲ ಹಾಕೋದಿಲ್ಲ. ಆ ವಾರ ಕಣ್ಣಿಗೆ ಅಂಟಿಕೊಂಡ ಒಂದು ದೃಶ್ಯ, ಇಲ್ಲವಾದರೆ ಬೇಜಾರಾದ ಒಂದು ವಿಷಯ, ಅಷ್ಟೇ. ಸರಣಿ ಮುಗಿದು ಸ್ವಲ್ಪ ದಿನ ಸುಮ್ನೆ ಬಿಟ್ಟು, ಆ ಸಾಲುಗಳನ್ನು ತೆಗೆಯದೆ ನೆನಪಿನಿಂದಲೇ ಬರೆಯಲು ಕೂರುತ್ತೇನೆ. ಏನೂ ನೆನಪಿಗೆ ಬರಲಿಲ್ಲ ಅಂದ್ರೆ ಅದೇ ಅಭಿಪ್ರಾಯ. ಆಮೇಲೆ ಸಾಲುಗಳನ್ನು ತೆಗೆದು ಹೋಲಿಸುತ್ತೇನೆ. ವಾರವಾರ ಕುಣಿದಾಡಿ ನೋಡಿದ್ದು ತಿಂಗಳಾದ ಮೇಲೆ ಖಾಲಿಯಾಗಿರುತ್ತದೆ, ಗೊಣಗಿಕೊಂಡು ನೋಡಿದ್ದು ಉಳಿದುಕೊಂಡಿರುತ್ತದೆ, ಹೀಗೆ ತಮಾಷೆಗಳು ಜಾಸ್ತಿ.

ಈ ಸಲ ಉಳಿದುಕೊಂಡದ್ದು 'ಆರ್ಬ್: ಆನ್ ದ ಮೂವ್‌ಮೆಂಟ್ಸ್ ಆಫ್ ದ ಅರ್ತ್'. ಮೂಲ ಉವೊಟೊ ಬರೆದ ಮಾಂಗಾ (ಜಪಾನಿ ಕಾಮಿಕ್ಸ್), ಮ್ಯಾಡ್‌ಹೌಸ್ ಸ್ಟುಡಿಯೊ, 25 ಎಪಿಸೋಡ್. ಜಪಾನಿನ ಎನ್‌ಎಚ್‌ಕೆ ಟಿವಿಯಲ್ಲಿ ಶನಿವಾರ ರಾತ್ರಿ 11:45ಕ್ಕೆ ಬರುತ್ತಿತ್ತು, ನಮಗೆ ಎಂಟೂಕಾಲು. 15ನೇ ಶತಮಾನದ ಯುರೋಪು, ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಅನ್ನುವವರನ್ನು ಹಿಡಿದು ಹಿಂಸಿಸಿ ಸುಡುವ ಲೋಕ. ರಾಫಾಲ್ ಅಂತ 12 ವರ್ಷದ ಹುಡುಗ. ಮಹಾ ಬುದ್ಧಿವಂತ, ಅದಕ್ಕಿಂತ ಜಾಸ್ತಿ ಲೆಕ್ಕಾಚಾರದವನು. ಯಾರ ಮುಂದೆ ಏನು ಹೇಳಿದರೆ ಕೆಲಸ ಆಗುತ್ತದೆ ಅನ್ನೋದು ಅವನಿಗೆ ಗೊತ್ತು. ಇಂಥವನ ತಲೆಗೆ ಹ್ಯೂಬರ್ಟ್ ಅನ್ನುವ ಧರ್ಮದ್ರೋಹಿಯೊಬ್ಬ ಆ ವಿಚಾರ ಹಾಕುತ್ತಾನೆ. ಹುಡುಗ ಅದಕ್ಕೆ ಬೀಳೋದು ಅದು ಸತ್ಯ ಅನ್ನೋದಕ್ಕಿಂತ ಮೊದಲು, ಅದು ಸುಂದರವಾಗಿದೆ ಅನ್ನೋದಕ್ಕೆ. ವಿಚಾರಣೆಯಲ್ಲಿ ಒಂದು ಸುಳ್ಳು ಹೇಳಿದ್ದರೆ ಬದುಕಿಬಿಡುತ್ತಿದ್ದ. ಹೇಳೋದಿಲ್ಲ. ಮೂರನೇ ಎಪಿಸೋಡಿನಲ್ಲಿ ಜೈಲಿನಲ್ಲಿ ವಿಷ ಕುಡಿದು ಸಾಯುತ್ತಾನೆ.

ಹೌದು, ಕಥಾನಾಯಕ ಮೂರನೆಯದರಲ್ಲೇ ಸತ್ತ. ಮೂರು ನೋಡಿ ತೀರ್ಮಾನ ಮಾಡುವವರು ಇಲ್ಲಿ ಏನು ತೀರ್ಮಾನ ಮಾಡಬೇಕು, ಹೇಳಿ? ನಾಲ್ಕನೆಯದರಿಂದ ಹೊಸ ಜನ, ಕಾಲ ಮುಂದೆ ಸರಿದಿದೆ. ಆವತ್ತಿನ ನನ್ನ ಸಾಲು "ಇನ್ನೇನು ತೋರಿಸ್ತಾರೆ ಇವರು" ಅಂತಿದೆ. ತೋರಿಸಿದ್ದು ಇದು: ಒಬ್ಬೊಬ್ಬರು ಸತ್ತರೂ ಒಂದು ಪೆಟ್ಟಿಗೆಯಲ್ಲಿನ ಬರಹ ಕೈಯಿಂದ ಕೈಗೆ ದಾಟುತ್ತಾ ಹೋಗೋದು. ಬಾದೆನಿ ಅನ್ನುವ ಸನ್ಯಾಸಿ ಇದ್ದಾನೆ. ಒಂದು ಕಣ್ಣು ಹೋಗಿದೆ, ಅಹಂಕಾರಕ್ಕೆ ಕೊನೆಯಿಲ್ಲ, ಓದು ಬಾರದವರನ್ನು ಕಂಡರೆ ಅಸಡ್ಡೆ. ಅವನ ಜೊತೆಗಾರ ಓಕ್ಜಿಗೆ ಅಕ್ಷರವೇ ಬರುತ್ತಿರಲಿಲ್ಲ. ಆಕಾಶ ನೋಡಲು ಹೆದರುತ್ತಿದ್ದ, ಆದರೆ ಅವನ ಕಣ್ಣು ಎಷ್ಟು ಚುರುಕು ಅಂದ್ರೆ ದೂರದರ್ಶಕ ಇಲ್ಲದೆ ಶುಕ್ರನ ಪೂರ್ಣ ಬಿಂಬ ಕಾಣುತ್ತದೆ. ಓಕ್ಜಿ ಅಕ್ಷರ ಕಲಿತು ಒಂದು ಪುಸ್ತಕ ಬರೆಯುತ್ತಾನೆ. ಇಬ್ಬರೂ ಗಲ್ಲಿಗೆ ಹೋಗುತ್ತಾರೆ. ಪುಸ್ತಕವೂ ಹೋಯಿತು ಅಂದುಕೊಂಡು ನಾವು ಕೂತಿರುವಾಗ ಗೊತ್ತಾಗುತ್ತದೆ, ಬಾದೆನಿ ಮೊದಲೇ ಅದರ ಮಾತುಗಳನ್ನು ಭಿಕ್ಷುಕರ ಬೋಳಿಸಿದ ತಲೆಗಳ ಮೇಲೆ ಹಚ್ಚೆ ಹಾಕಿಸಿಟ್ಟಿದ್ದ. ಅವರ ಕೂದಲು ಬೆಳೆದು ಮುಚ್ಚಿಕೊಂಡಿದೆ. ಇನ್ನೊಬ್ಬ ಬಂದು ತಲೆ ಬೋಳಿಸಿ ಒಂದೊಂದೇ ಸಾಲು ನಕಲು ಮಾಡಬೇಕು. ಕೊಂಕಿನವನೊಬ್ಬ ಓಕ್ಜಿಗೆ ಕೊಟ್ಟ ಮರ್ಯಾದೆ ಇದು, ಬಾಯಲ್ಲಿ ಒಂದು ಒಳ್ಳೆ ಮಾತೂ ಹೇಳದೆ. ಆ ವಾರ ನಾನು ಸಾಲು ಬರೆಯಲೇ ಇಲ್ಲ.

ಇದರ ಕೊನೆಯ ಬಗ್ಗೆ ಜಗಳ ಇದೆ. ಇಡೀ ಸರಣಿ 'ಪಿ ರಾಜ್ಯ' ಅಂತ ಹೆಸರು ಮುಚ್ಚಿ ಕಥೆ ಹೇಳಿ, ಕೊನೆಗೆ ಬಂದು ಪೋಲೆಂಡ್ ಅಂತ ಬಾಯಿಬಿಟ್ಟು ಹೇಳುತ್ತದೆ. ಆಲ್ಬರ್ಟ್ ಬ್ರೂಡ್ಜೆವ್ಸ್ಕಿ ಬರುತ್ತಾನೆ. ಇವನು ಚರಿತ್ರೆಯಲ್ಲಿ ನಿಜವಾಗಿ ಇದ್ದವನು, ಕೊಪರ್ನಿಕಸ್ ಓದಿದ ಕ್ರಾಕೋವ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವನು. ಜೊತೆಗೆ, ಸತ್ತ ರಾಫಾಲ್ ಹೆಸರಿನವನೇ ಒಬ್ಬ ದೊಡ್ಡವನಾಗಿ ಎದುರಿಗೆ ನಿಲ್ಲುತ್ತಾನೆ. ಬೇರೆ ಲೋಕವೋ, ಬೇರೆ ರಾಫಾಲೋ, ಬಿಡಿಸಿ ಹೇಳೋದಿಲ್ಲ. ಇದು ಮೋಸ ಅಂದವರು ಬಹಳ. ನನಗೆ ಅದೇ ಸರಿಯಾದ ಕೊನೆ. ನಿಜವಾದ 15ನೇ ಶತಮಾನದಲ್ಲಿ ಹೀಗೆ ಬೇಟೆ ನಡೆದಿರಲಿಲ್ಲ, ಕೊಪರ್ನಿಕಸ್‌ನ ಪುಸ್ತಕ ಅಚ್ಚಾಗಿದ್ದೇ 1543ರಲ್ಲಿ. ಚರಿತ್ರೆ ಅಂತ ತಿಳಿದು ನೋಡುತ್ತಿದ್ದವರನ್ನು ಕೊನೆಯಲ್ಲಿ ಹಿಡಿದು ಅಲ್ಲಾಡಿಸಿ, ನೀನೇ ಹುಡುಕಿಕೋ ಅಂತ ಬಿಡುತ್ತದೆ. ಸಂದೇಹಪಡುವುದನ್ನೇ ಹೊಗಳುವ ಕಥೆ ಇನ್ನು ಹೇಗೆ ಮುಗಿಯಬೇಕಿತ್ತು? ಮಧ್ಯದಲ್ಲಿ ಮಾತು ಜಾಸ್ತಿ, ಅನಿಮೇಷನ್ ಎಷ್ಟೋ ಕಡೆ ಬರೀ ನಿಂತು ಮಾತಾಡುವ ಮುಖಗಳು, ಅದೂ ಕತ್ತಲಲ್ಲಿ. ಒಪ್ಪುತ್ತೇನೆ. ಆದರೂ.

ಇದರ ಸಂಗೀತ ಕೆನ್ಸುಕೆ ಉಶಿಯೊ ಅವರದು. ಅದೇ ಅಕ್ಟೋಬರ್‌ನಲ್ಲಿ ಬಂದ 'ದಂಡದನ್'ಗೂ ಅವರೇ. ಒಂದರಲ್ಲಿ ಚರ್ಚಿನ ಕತ್ತಲು, ಇನ್ನೊಂದರಲ್ಲಿ ಏಲಿಯನ್ನು, ದೆವ್ವ, ಗದ್ದಲ.

ದಂಡದನ್ ಸೈನ್ಸ್ ಸಾರು ಸ್ಟುಡಿಯೊದ್ದು, 12 ಎಪಿಸೋಡ್. ಮೊಮೊ ಅನ್ನುವ ಹುಡುಗಿಗೆ ದೆವ್ವದಲ್ಲಿ ನಂಬಿಕೆ, ಏಲಿಯನ್‌ಗಳಲ್ಲಿ ಇಲ್ಲ. ಒಕಾರುನ್ ಅನ್ನುವ ಹುಡುಗನಿಗೆ ಉಲ್ಟಾ. ಏಳನೆಯ ಎಪಿಸೋಡ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನೂ ಹೇಳುತ್ತೇನೆ. ಅಲ್ಲಿಯವರೆಗೆ ಹೊಡೆದಾಡುತ್ತಿದ್ದ ದೆವ್ವದ ಹಿಂದಿನ ಬದುಕು ಅದರಲ್ಲಿದೆ. ಒಂಟಿ ತಾಯಿ, ಸಿಕ್ಕಿದ ಕೆಲಸವೆಲ್ಲ ಮಾಡಿ ಮಗಳನ್ನು ಸಾಕುತ್ತಿದ್ದಾಳೆ, ಮಗಳಿಗಾಗಿ ಬ್ಯಾಲೆ ಹೆಜ್ಜೆ ಹಾಕುತ್ತಾಳೆ. ಸಾಲ ವಸೂಲಿಗೆ ಬಂದವರು ಮಗಳನ್ನು ಎತ್ತಿಕೊಂಡು ಹೋಗುತ್ತಾರೆ, ಇವಳು ಪೆಟ್ಟು ತಿಂದ ಮೈಯಲ್ಲೇ ಹಿಂದೆ ಓಡುತ್ತಾಳೆ. ಅಷ್ಟು ಹೊತ್ತು ಕಿರುಚುತ್ತಿದ್ದ ಸರಣಿ ಅಲ್ಲಿ ಮಾತೇ ಆಡೋದಿಲ್ಲ. ನಿರ್ದೇಶಕ ಫೂಗಾ ಯಮಾಶಿರೊಗೆ ಯಾವಾಗ ಸುಮ್ಮನಾಗಬೇಕು ಅನ್ನೋದು ಗೊತ್ತು.

ಅಷ್ಟು ಗೊತ್ತಿದ್ದೂ ಕೊನೆಯ ಎಪಿಸೋಡನ್ನು ಹಾಗೆ ನಿಲ್ಲಿಸಿದರಲ್ಲ, ಅದು ನನಗೆ ಈಗಲೂ ಕೋಪ. ಮೊಮೊ ಒಬ್ಬಳೇ ಬಿಸಿನೀರಿನ ಕೊಳದಲ್ಲಿದ್ದಾಳೆ, ಗೊತ್ತಿಲ್ಲದ ಗಂಡಸರು ಒಳಗೆ ಬರುತ್ತಾರೆ, ಎಪಿಸೋಡ್ ಮುಗಿಯಿತು, ಎರಡನೇ ಸೀಸನ್ ಬಂದಿದ್ದು 2025ರ ಜುಲೈಗೆ. ಆರು ತಿಂಗಳಿಗೂ ಜಾಸ್ತಿ! ಮಾಂಗಾದಲ್ಲಿ ಅಧ್ಯಾಯಗಳು ಬೇಗ ಬೇಗ ಬರುತ್ತವೆ, ಅಲ್ಲಿ ಪರವಾಗಿಲ್ಲ. ಟಿವಿಯಲ್ಲಿ ಒಂದು ಹುಡುಗಿಯ ಭಯವನ್ನು ಮುಂದಿನ ಸೀಸನ್‌ಗೆ ಕೊಕ್ಕೆಯಾಗಿ ಬಳಸೋದು ಬೇರೆ. ಒಂದು ಎಪಿಸೋಡ್ ಹಿಂದೆಯೇ ನಿಲ್ಲಿಸಬಹುದಿತ್ತು, ಅಥವಾ ಒಂದು ಎಪಿಸೋಡ್ ಜಾಸ್ತಿ ತೆಗೆದುಕೊಳ್ಳಬಹುದಿತ್ತು. ನನ್ನ ಪಟ್ಟಿಯಲ್ಲಿ ಇದು ಆರ್ಬ್‌ಗಿಂತ ಬಹಳ ಕೆಳಗೆ ಹೋಗಿದ್ದು ಇದೊಂದೇ ಕಾರಣಕ್ಕೆ, ಚಿತ್ರ, ಬಣ್ಣ, ಹಾಡು ಎಲ್ಲದರಲ್ಲೂ ಇದೇ ಮುಂದೆ ಇದ್ದರೂ.

ಇನ್ನೊಂದು ಅಭ್ಯಾಸ ಇದೆ, ಎಂಡಿಂಗ್ ಹಾಡನ್ನು ಓಡಿಸದೆ ಹೆಸರುಗಳನ್ನು ನೋಡೋದು. ಜಪಾನಿ ಓದಲು ಬರದಿದ್ದರೂ ಪಟ್ಟಿ ಎಷ್ಟುದ್ದ ಅನ್ನೋದು ಕಾಣುತ್ತದೆ. ಒಂದು ಎಪಿಸೋಡಿಗೆ ಒಬ್ಬಿಬ್ಬರು ಅನಿಮೇಷನ್ ಡೈರೆಕ್ಟರ್‌ಗಳಿದ್ದರೆ (ಬೇರೆ ಬೇರೆಯವರು ಬಿಡಿಸಿದ ಚಿತ್ರಗಳನ್ನು ತಿದ್ದುವವರು) ಮುಖಗಳು ಒಂದೇ ಥರ ಇರುತ್ತವೆ. ಆ ಜಾಗದಲ್ಲಿ ಹೆಸರುಗಳ ಸಾಲೇ ನಿಂತಿದ್ದರೆ, ದೊಡ್ಡ ಹೊಡೆದಾಟದ ಎಪಿಸೋಡ್ ಅಲ್ಲದಿದ್ದರೆ, ಸಾಮಾನ್ಯವಾಗಿ ಸಮಯ ಸಾಲದೆ ಕೆಲಸ ಹಂಚಿದ್ದಾರೆ ಅಂತ ಅರ್ಥ. ಇದು ಕಲಾವಿದರನ್ನು ಬೈಯೋದಕ್ಕಲ್ಲ. ಬೈಯಬೇಕಾದ್ದು ಯಾರನ್ನು ಅಂತ ತಿಳಿದುಕೊಳ್ಳೋದಕ್ಕೆ.

'ಉಝುಮಾಕಿ' ನೋಡಿದವರಿಗೆ ಪಟ್ಟಿ ನೋಡುವ ಅಗತ್ಯವೂ ಇರಲಿಲ್ಲ. ಜುಂಜಿ ಇಟೊ ಅವರ ಭಯಾನಕ ಮಾಂಗಾ, 2019ರಲ್ಲಿ ಘೋಷಣೆ, ಮುಂದಕ್ಕೆ ಹೋಗಿ ಹೋಗಿ 2024ರ ಸೆಪ್ಟೆಂಬರ್ ಕೊನೆಗೆ ಬಂತು, ನಾಲ್ಕೇ ಎಪಿಸೋಡ್. ಹಿರೊಶಿ ನಗಹಾಮಾ ನಿರ್ದೇಶಿಸಿದ ಮೊದಲನೆಯದು ಕಪ್ಪುಬಿಳುಪಿನಲ್ಲಿ, ಮಾಂಗಾದ ಪುಟಗಳೇ ಉಸಿರಾಡುತ್ತಿರುವ ಹಾಗಿತ್ತು. ಎರಡನೆಯದರಲ್ಲಿ ನಡಿಗೆ ಮರದ ಬೊಂಬೆಯ ನಡಿಗೆ, ಮುಖದಲ್ಲಿ ಗೆರೆಗಳೇ ಇಲ್ಲ. ಸುಮಾರು 20 ಅಧ್ಯಾಯಗಳನ್ನು ನಾಲ್ಕರಲ್ಲಿ ತುರುಕಿದ್ದರಿಂದ ಒಬ್ಬರ ಸಾವಿಗೆ ಹೆದರುವಷ್ಟರಲ್ಲಿ ಇನ್ನೊಬ್ಬರು ಸತ್ತಿರುತ್ತಾರೆ. ಮೊದಲ ಎಪಿಸೋಡ್ ನೋಡಿ ಪೂರ್ತಿ ಅಂಕ ಕೊಟ್ಟವರು ಎಷ್ಟು ಜನ ಇದ್ದರು ಅಂತೀರಿ!

ಜನವರಿಯಲ್ಲಿ ಶುರುವಾದವುಗಳಲ್ಲಿ ನನಗೆ ಪ್ರಿಯವಾದದ್ದು 'ಮೆಡಲಿಸ್ಟ್'. ಫಿಗರ್ ಸ್ಕೇಟಿಂಗ್ ಕಥೆ, ನಡೆಯೋದು ನಗೊಯಾದಲ್ಲಿ. ಹೆಸರಾಂತ ಸ್ಕೇಟರ್‌ಗಳಾದ ಮಿದೊರಿ ಇಟೊ, ಮಾವೊ ಅಸಾದಾ ಇಬ್ಬರೂ ಆ ಊರಿನವರೇ, ಹಾಗಾಗಿ ಸ್ಕೇಟಿಂಗ್ ಅಂದ್ರೆ ಅಲ್ಲಿ ಹುಡುಗಾಟವಲ್ಲ. ಐದನೇ ವಯಸ್ಸಿಗೇ ಶುರು ಮಾಡುವ ಆಟಕ್ಕೆ ಇನೊರಿ ಅನ್ನುವ ಹುಡುಗಿ 11ಕ್ಕೆ ಬರುತ್ತಾಳೆ. ದುಡ್ಡಿಲ್ಲ, ಮನೆಯಲ್ಲಿ ಒಪ್ಪಿಗೆಯಿಲ್ಲ, ಎರೆಹುಳು ಹಿಡಿದು ತಂದು ಕೊಟ್ಟು ರಿಂಕ್ ಒಳಗೆ ಬಿಡಿಸಿಕೊಳ್ಳುತ್ತಾಳೆ. ಅಕ್ಕ ಇದೇ ಆಟದಲ್ಲಿ ಪೆಟ್ಟು ಮಾಡಿಕೊಂಡು ಬಿಟ್ಟವಳು, ಅದಕ್ಕೇ ಅಮ್ಮ ಬೇಡ ಅನ್ನೋದು. ಆ ಅಮ್ಮನನ್ನು ಕೆಟ್ಟವಳಾಗಿ ತೋರಿಸೋದಿಲ್ಲ, ಅದು ನನಗೆ ಬಹಳ ಹಿಡಿಸಿತು. ಸ್ಕೇಟಿಂಗ್ ಭಾಗ ಕಂಪ್ಯೂಟರ್ ಗ್ರಾಫಿಕ್ಸ್, ಒಲಿಂಪಿಕ್ಸ್‌ನಲ್ಲಿ ಆಡಿದ ಅಕಿಕೊ ಸುಜುಕಿ ಅದಕ್ಕೆ ಹೆಜ್ಜೆ ಹಾಕಿಕೊಟ್ಟಿದ್ದಾರೆ. ಮುಖಗಳು ಅಲ್ಲಲ್ಲಿ ಬೊಂಬೆಯಾಗುತ್ತವೆ. ಆದರೆ ಹಿಮದ ಮೇಲೆ ಬ್ಲೇಡು ಕೊರೆಯುವ ಶಬ್ದವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕೆನ್ಶಿ ಯೊನೆಜು ಹಾಡಂತೂ ಇನ್ನೂ ನನ್ನ ಬಾಯಲ್ಲಿದೆ. 13ಕ್ಕೆ ನಿಲ್ಲುತ್ತದೆ, ಕಥೆ ಮುಗಿದಿಲ್ಲ, ಎರಡನೇ ಸೀಸನ್ ಇದೆ ಅಂತ ಆಗಲೇ ಹೇಳಿದ್ದರು. ಆದರೂ ಅರ್ಧಕ್ಕೆ ಎದ್ದು ಬಂದ ಹಾಗೆ ಅನ್ನಿಸಲಿಲ್ಲ. ದಂಡದನ್ ಮಾಡಬಹುದಾಗಿದ್ದು ಇದನ್ನೇ.

'ಬ್ಲೂ ಬಾಕ್ಸ್' ಕೂಡ 25 ಎಪಿಸೋಡ್. ಬ್ಯಾಡ್ಮಿಂಟನ್ ಆಡುವ ಹುಡುಗ, ಬ್ಯಾಸ್ಕೆಟ್‌ಬಾಲ್ ಆಡುವ ಸೀನಿಯರ್ ಹುಡುಗಿ, ಬೆಳಗ್ಗೆ ಬೇಗ ಜಿಮ್ಮಿನಲ್ಲಿ ಇಬ್ಬರೇ. ಸಂಜೆ ಮನೆ ಮುಂದಿನ ರಸ್ತೆಯಲ್ಲಿ ಶಟಲ್ ಆಡಿ ಬೆಳೆದವರಿಗೆ ಅರ್ಧ ಸಂತೋಷ ಅಲ್ಲೇ ಸಿಗುತ್ತದೆ. ಆದರೆ ಇಡೀ ಸರಣಿ ನಿಂತಿರೋದು ಹುಡುಗನನ್ನು ಪ್ರೀತಿಸುವ ಜಿಮ್ನಾಸ್ಟ್ ಹಿನಾ ಮೇಲೆ. ಅವಳಿಲ್ಲದ ಎಪಿಸೋಡ್‌ಗಳಲ್ಲಿ ನನ್ನ ಕೈ ಫೋನಿಗೆ ಹೋಗುತ್ತಿತ್ತು.

'ಸೋಲೋ ಲೆವೆಲಿಂಗ್' ಎರಡನೇ ಸೀಸನ್ ಬಗ್ಗೆ ಬರೆಯದಿದ್ದರೆ ಚಿಕ್ಕಪ್ಪನ ಮಗ ಮಾತು ಬಿಡುತ್ತಾನೆ. "ಅಕ್ಕಾ, ಜೆಜು ದ್ವೀಪದ ಫೈಟ್ ನೋಡಿದ್ಯಾ? ಅದಕ್ಕಿಂತ ಇನ್ನೇನು ಬೇಕು ನಿಂಗೆ?" ಅಂತ ಕೇಳಿದ. ನೋಡಿದೆ ಕಣೋ. ಎ-1 ಪಿಕ್ಚರ್ಸ್‌ನವರ ಕೆಲಸ, ಹಿರೊಯುಕಿ ಸವಾನೊ ಅವರ ಸಂಗೀತ, ಎರಡಕ್ಕೂ ಹೆಸರಿಡುವ ಹಾಗಿಲ್ಲ. ಆದರೆ ನಾಯಕ ಜಿನ್‌ವೂ ಸೋಲಬಹುದು ಅನ್ನುವ ಅನುಮಾನ ಒಂದು ನಿಮಿಷವೂ ಬರಲಿಲ್ಲ, ಹಾಗಾಗಿ ಮುಗಿದು ಕೆಲವೇ ದಿನದಲ್ಲಿ ಯಾವ ಹೊಡೆತ ಯಾವ ಎಪಿಸೋಡಿನದು ಅನ್ನೋದೇ ನೆನಪಿಗೆ ಬರಲಿಲ್ಲ. ಅವನಿಗೆ ಇದನ್ನು ಹೇಳಿದರೆ "ನೀನು ದೊಡ್ಡೋಳಾಗಿಬಿಟ್ಟೆ" ಅಂದ. ಇರಬಹುದು. ಅಂದ ಹಾಗೆ ಅವನು ನೋಡೋದು ತೆಲುಗು ಡಬ್ಬಿಂಗ್‌ನಲ್ಲಿ. ಹಿಂದಿ, ತಮಿಳು, ತೆಲುಗು ಮೂರರಲ್ಲೂ ಇದೆ, ಕನ್ನಡದಲ್ಲಿ ಇಲ್ಲ. ನಾನು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳುವವಳು. ಆರ್ಬ್‌ನ ವಾದಗಳನ್ನು ಹಾಗೆ ಹಿಂಬಾಲಿಸೋಕೆ ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೋ.

'ಸಕಮೊಟೊ ಡೇಸ್' ಇಲ್ಲಿ ಯಾಕಿಲ್ಲ ಅಂತ ಕೇಳುವವರು ಇರುತ್ತೀರಿ. 11 ಎಪಿಸೋಡ್ ತೋರಿಸಿ ಬಾಕಿ ಭಾಗ 2025ರ ಜುಲೈಗೆ ಅಂದಿದ್ದರು. 'ಅಪೋತಿಕರಿ ಡೈರೀಸ್' ಎರಡನೇ ಸೀಸನ್ 2025ರ ಜನವರಿಯಲ್ಲಿ ಶುರುವಾಗಿ ಮಾರ್ಚ್ ಮುಗಿದ ಮೇಲೂ ಓಡುತ್ತಿತ್ತು. ಎರಡಕ್ಕೂ ವಾರದ ಸಾಲುಗಳು ಫೋನಿನಲ್ಲಿವೆ, ಅಪೋತಿಕರಿಯ ನಾಯಕಿ ಮಾವೊಮಾವೊ ಬಗ್ಗೆಯಂತೂ ಸಾಲು ಒಂದಕ್ಕೆ ನಿಲ್ಲುತ್ತಲೇ ಇರಲಿಲ್ಲ. ಮಾರ್ಚ್‌ಗೆ ಮುಗಿದಿರಲಿಲ್ಲ, ಅದಕ್ಕೇ ಇಲ್ಲಿ ಬರೆಯಲಿಲ್ಲ.