ನೆಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ಕೈಕೊಟ್ಟರೆ

ಮಂಡ್ಯ ಹತ್ತಿರದ ನಮ್ಮ ಆಲೆಮನೆಯ ಲೆಕ್ಕವೆಲ್ಲ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿದೆ. ವೈರಸ್ ಭಯಕ್ಕೆ ಅದಕ್ಕೆ ನೆಟ್ ಕೊಟ್ಟೇ ಇಲ್ಲ. ಹೋದ ತಿಂಗಳು ಪೆನ್‌ಡ್ರೈವ್ ಹಾಕಿದರೆ ಸದ್ದೇ ಇಲ್ಲ.

ಮೊದಲು ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿ. ನಮ್ಮದರಲ್ಲಿ ಬೆಲ್ಲದ ಅಂಟಿಗೆ ಒಲೆಯ ಬೂದಿ ಮೆತ್ತಿಕೊಂಡು, ಒಳಗಿನ ನಾಲ್ಕು ಬಂಗಾರದ ಬಣ್ಣದ ಪಟ್ಟಿಗಳಲ್ಲಿ ಎರಡು ಕಾಣುತ್ತಲೇ ಇರಲಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಪಿನ್ನು, ಸೂಜಿ ಬೇಡವೇ ಬೇಡ.

ಆಗಲಿಲ್ವಾ? ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಇಲ್ಲದಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ (ಲ್ಯಾಪ್‌ಟಾಪಿನ ಭಾಗಗಳ ಪಟ್ಟಿ) ತೆರೆದು, ಅದರಲ್ಲಿ ಯುಎಸ್‌ಬಿ ರೂಟ್ ಹಬ್ (ಯುಎಸ್‌ಬಿ ಪೋರ್ಟ್‌ಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಭಾಗ) ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಡ್ರೈವರ್ (ಆ ಭಾಗವನ್ನು ಓಡಿಸುವ ಸಾಫ್ಟ್‌ವೇರ್) ಡಿಲೀಟ್ ಮಾಡಲಾ ಅಂತ ಕೇಳಿದರೆ ಮಾತ್ರ ದಯವಿಟ್ಟು ಟಿಕ್ ಹಾಕಬೇಡಿ. ಡ್ರೈವರ್ ಒಳಗೇ ಉಳಿದಿದ್ದರೆ ವಿಂಡೋಸ್ ಅದನ್ನೇ ಮತ್ತೆ ಹಾಕಿಕೊಳ್ಳುತ್ತದೆ, ಹೋಯಿತೆಂದರೆ ಬೇರೆ ಕಂಪ್ಯೂಟರಿನಿಂದ ತರಬೇಕು, ಪೆನ್‌ಡ್ರೈವೇ ಓಡದಿರುವಾಗ ತರುವುದು ಹೇಗೆ ಅಲ್ವಾ? ಎಸ್‌ಡಿ ಕಾರ್ಡ್ ಸ್ಲಾಟೋ ಡಿವಿಡಿಯೋ ಇದ್ದರೆ ಬಚಾವ್.

ಮೌಸ್ ಓಡುತ್ತದೆ, ಹೊರಗಿನ ಹಾರ್ಡ್‌ಡಿಸ್ಕ್ ಮಾತ್ರ ಓಡುತ್ತಿಲ್ಲ ಅಂದರೆ ಕರೆಂಟ್ ಸಾಲುತ್ತಿಲ್ಲದಿರಬಹುದು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಆದರೆ 900. ಸಾಮಾನ್ಯವಾಗಿ ಒಳಗೆ ನೀಲಿ ಇರುವುದೇ 3.0, ಅದಕ್ಕೆ ಚುಚ್ಚಿ ನೋಡಿ.