ಇಆರ್‌ಪಿ ಹಾಕಿಸುವ ಮುಂಚೆ ಐಟಂ ಪಟ್ಟಿ ಸರಿಮಾಡಿಕೊಳ್ಳಿ

ಪೀಣ್ಯದ ಸಣ್ಣ ಕಾರ್ಖಾನೆಗಳೂ ಈಗ ಇಆರ್‌ಪಿ, ಅಂದರೆ ಇಡೀ ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್, ಹಾಕಿಸುತ್ತಿವೆ. ಖರೀದಿ, ಸ್ಟೋರ್ಸ್, ಉತ್ಪಾದನೆ, ಬಿಲ್ಲು, ಲೆಕ್ಕ ಎಲ್ಲ ಒಂದೇ ಕಡೆ ಸಿಗುತ್ತದೆ. ಆರ್ಡರ್ ಬಂದಾಗ ಮಾಲು ಇದೆಯಾ ಎಂದು ಯಾರನ್ನೂ ಕೇಳಬೇಕಿಲ್ಲ. ಅನುಕೂಲ ದೊಡ್ಡದೇ. ಆದರೂ ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೂ ಸ್ಟೋರ್ಸ್‌ನವರು ನೋಟ್‌ಬುಕ್ಕಿನಲ್ಲೇ ಬರೆಯುತ್ತಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಸಿಸ್ಟಂ ತೋರಿಸುವ ಸ್ಟಾಕನ್ನು ಅಲ್ಲಿ ಯಾರೂ ನಂಬುವುದಿಲ್ಲ.

ಮೊದಲು, ಯಾವ ತೊಂದರೆ ತಪ್ಪಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅದಾಗುವ ತನಕ ಯಾರ ಡೆಮೊ ಕೂಡ ನೋಡಬೇಡಿ.

ಆಮೇಲೆ ಐಟಂ ಮಾಸ್ಟರ್, ಅಂದರೆ ಸಿಸ್ಟಂನಲ್ಲಿರುವ ಎಲ್ಲ ಸಾಮಾನುಗಳ ಪಟ್ಟಿ. ಕೆಲಸ ಕೆಡುವುದು ಇಲ್ಲೇ. ಹಳೆಯ ಎಕ್ಸೆಲ್ ಪಟ್ಟಿಯನ್ನು ಹಾಗೇ ಎತ್ತಿ ಹಾಕಿಬಿಡುತ್ತಾರೆ. ಅದರಲ್ಲಿ ‘ಎಂ8 ಬೋಲ್ಟ್ 25’, ‘8 ಎಂಎಂ ಬೋಲ್ಟ್’, ‘ಹೆಕ್ಸ್ ಬೋಲ್ಟ್ 8x25’ ಎಂದು ಒಂದೇ ಸಾಮಾನಿಗೆ ಮೂರು ಹೆಸರು. ಸಿಸ್ಟಂ ಲೆಕ್ಕದಲ್ಲಿ ಅವು ಮೂರು ಸಾಮಾನು. ಒಂದರಲ್ಲಿ ರಾಶಿ ಸ್ಟಾಕ್ ಇದ್ದರೂ ಇನ್ನೊಂದರ ಹೆಸರಲ್ಲಿ ಖರೀದಿ ಆಗುತ್ತದೆ. ಪಟ್ಟಿಯ ಪ್ರಿಂಟ್ ತೆಗೆಯಿರಿ. ಸ್ಟೋರ್ಸ್‌ನ ಹಳಬರನ್ನು ಜೊತೆಗೆ ಕರೆದುಕೊಂಡು, ರ‍್ಯಾಕ್ ಮುಂದೆ ನಿಂತು ಒಂದೊಂದೇ ಸಾಲು ನೋಡಿ. ಹೆಸರು ಬರೆಯುವ ಕ್ರಮ ಒಂದೇ ಇರಲಿ: ಸಾಮಾನು, ಅಳತೆ, ಗ್ರೇಡ್. ‘ಡೇಟಾ ನಾವೇ ಹಾಕಿಕೊಡ್ತೀವಿ’ ಎನ್ನುವ ಮಾರಾಟಗಾರರ ಮಾತು ನಂಬಿ ಕೂರಬೇಡಿ. ಅವರು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತಾರೆ, ಅಷ್ಟೇ.

ಅಳತೆಯ ಯೂನಿಟ್ ಇನ್ನೊಂದು ಪೇಚು. ರಾಡ್ ಬರುವುದು ಕೆಜಿ ಲೆಕ್ಕದಲ್ಲಿ, ಕತ್ತರಿಸುವುದು ಉದ್ದದ ಲೆಕ್ಕದಲ್ಲಿ. ದುಂಡು ಉಕ್ಕಿನ ರಾಡ್ ಆದರೆ, ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. 20 ಎಂಎಂ ರಾಡಿಗೆ ಸುಮಾರು 2.47 ಕೆಜಿ. ಈ ಲೆಕ್ಕವನ್ನು ಪ್ರತಿ ಅಳತೆಗೂ ಮೊದಲೇ ಹಾಕಿಡಿ.

ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋದ ಮಾಲೂ ನಿಮ್ಮ ಸ್ಟಾಕೇ, ಅಲ್ವಾ? ಅದನ್ನು ಚಲನ್ ದಿನಾಂಕದ ಸಮೇತ ಸೇರಿಸಿ. ಜಿಎಸ್‌ಟಿ ನಿಯಮದ ಪ್ರಕಾರ ಜಾಬ್ ವರ್ಕ್‌ಗೆ (ಹೊರಗೆ ಮಾಡಿಸುವ ಇಂಥ ಕೆಲಸಕ್ಕೆ) ಕಳಿಸಿದ ಕಚ್ಚಾ ಮಾಲು ಸಾಮಾನ್ಯವಾಗಿ 1 ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಗ್ರಾಹಕರಿಗೆ ಹೋಗಬೇಕು.

ಈಗ ಸಾಫ್ಟ್‌ವೇರ್ ಆರಿಸಿ. ನಿಮ್ಮದೇ ಡೇಟಾವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬಿಡದ ಸಾಫ್ಟ್‌ವೇರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಮುಕ್ತ ಆಕರದ, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ, ಇಆರ್‌ಪಿನೆಕ್ಸ್ಟ್ ಎಂಬ ಸಾಫ್ಟ್‌ವೇರನ್ನೂ ಒಮ್ಮೆ ನೋಡಿ.

ಶುರು ಮಾಡಲು ಆರ್ಡರ್ ಕಡಿಮೆ ಇರುವ ತಿಂಗಳೇ ಆಗಬೇಕು. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರಲ್ಲಿ ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತಿಗೇ ಹೊಸ ವ್ಯವಸ್ಥೆಗೆ ಬದಲಾಯಿತು. ಗೋದಾಮಿನಲ್ಲಿ ಮಾಲು ಇದ್ದೂ ಸುಮಾರು 10 ಕೋಟಿ ಡಾಲರ್‌ನಷ್ಟು ಆರ್ಡರ್ ಪೂರೈಸಲು ಆಗಲಿಲ್ಲ. ಶುರುವಿನ ಹಿಂದಿನ ದಿನ ಮಾಲು ಒಳಬರುವುದು, ಹೊರಹೋಗುವುದು ಎರಡನ್ನೂ ನಿಲ್ಲಿಸಿ, ಕೈಯಾರೆ ಎಣಿಸಿ. ಎಣಿಸಿದ್ದೇ ಆರಂಭದ ಸ್ಟಾಕ್.

ಆಮೇಲೆ ಪ್ರತಿ ಶನಿವಾರ ಒಂದಷ್ಟು ಐಟಂ ಆರಿಸಿ ರ‍್ಯಾಕ್‌ನಲ್ಲಿ ಎಣಿಸಿ, ಸ್ಕ್ರೀನ್‌ಗೆ ಹೋಲಿಸಿ. ವ್ಯತ್ಯಾಸ ಬಂದರೆ ಅಂದೇ ಕಾರಣ ಹುಡುಕಿ ಸರಿಮಾಡಿ.